ಸೋಫಾ ಅಂಗಡಿ, ಅರಗಿನ ಪ್ಲೇಟು, ಎರಡು ಸೆಂಟು: ಕಂಟ್ರಿ ಮ್ಯೂಸಿಕ್‌ನ ಮೊದಮೊದಲ ಹಿಟ್‌ಗಳ ಕಥೆ

ಕಂಟ್ರಿ ಮ್ಯೂಸಿಕ್, ಅಂದ್ರೆ ಅಮೆರಿಕದ ದಕ್ಷಿಣದ ಹಳ್ಳಿ ಕಡೆಯ ಸಂಗೀತ, ಅದ್ರ ಮೊದಲ ಹಿಟ್ ಹಾಡು ಯಾವುದು ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ಫರ್ನಿಚರ್ ಅಂಗಡಿ ಕಥೆ ಹೇಳ್ತೀನಿ. ಯಾಕಂದ್ರೆ 1920ರ ಹೊತ್ತಿಗೆ ಅಮೆರಿಕದಲ್ಲಿ ಗ್ರಾಮಫೋನ್ ಅಂದ್ರೆ ಮರದ ದೊಡ್ಡ ಪೆಟ್ಟಿಗೆ, ಬೀರು ಥರ ಹಾಲ್‌ನಲ್ಲಿ ಇಡೋ ಸಾಮಾನು, ಹಂಗಾಗಿ ಅದನ್ನ ಮಂಚ ಸೋಫಾ ಡೈನಿಂಗ್ ಟೇಬಲ್ ಮಾರೋ ಅಂಗಡಿಯವ್ರೇ ಮಾರ್ತಿದ್ರು. ಹಾಡಿನ ಪ್ಲೇಟುಗಳನ್ನ ಇಟ್ಕೊಳ್ತಿದ್ದಿದ್ದು ಜನ ಪೆಟ್ಟಿಗೆ ತಗೊಳ್ಳಲಿ ಅಂತ, ಅಂದ್ರೆ ಸ್ಟವ್ ಮಾರೋಕೆ ಪಕ್ಕದಲ್ಲಿ ಪಾತ್ರೆ ಜೋಡಿಸಿಟ್ಟ ಹಾಗೆ.

ಅಟ್ಲಾಂಟಾದಲ್ಲಿ ಪೋಕ್ ಬ್ರಾಕ್‌ಮನ್ ಅಂತ ಒಬ್ಬ ಇದ್ದ, ಅಜ್ಜನ ಕಾಲದ ಫರ್ನಿಚರ್ ಅಂಗಡಿ, ಜೊತೆಗೆ ಓಕೆ ಅನ್ನೋ ರೆಕಾರ್ಡ್ ಕಂಪನಿಯ ಆ ಕಡೆಯ ಡಿಸ್ಟ್ರಿಬ್ಯೂಟರ್. 1920ರಲ್ಲಿ ಓಕೆಯವ್ರು ಮೇಮಿ ಸ್ಮಿತ್ ಅನ್ನೋ ಕಪ್ಪು ಗಾಯಕಿಯ ಬ್ಲೂಸ್ (ಅಮೆರಿಕದ ಕಪ್ಪು ಜನರ ಒಂದು ಬಗೆಯ ಹಾಡು) ಪ್ಲೇಟು ತಂದಿದ್ರು, ಅದು ಎದ್ದು ಹೋಗಿತ್ತು, ಆಗ್ಲೇ ಕಂಪನಿಗಳಿಗೆ ಗೊತ್ತಾಗಿದ್ದು ತಮ್ಮ ಕಣ್ಣಿಗೇ ಬೀಳದ ಗಿರಾಕಿಗಳು ಎಷ್ಟೊಂದು ಜನ ಇದಾರೆ ಅಂತ. ಬ್ರಾಕ್‌ಮನ್ ಇದನ್ನ ಗಮನಿಸ್ಕೊಂಡಿದ್ದ. ಹತ್ತಿ ಮಿಲ್‌ನಲ್ಲಿ ಕೆಲಸ ಮಾಡೋ ಬಿಳಿ ಕೂಲಿಗಳೂ ಹಳ್ಳಿಯಿಂದ ಬಂದವ್ರೇ, ಅವ್ರಿಗೆ ಬೇಕಾದ ಹಾಡು ಯಾರೂ ಮಾರ್ತಾನೇ ಇಲ್ಲ. ನ್ಯೂಯಾರ್ಕ್‌ಗೆ ಹೋದಾಗ ಥಿಯೇಟರ್‌ನಲ್ಲಿ ವರ್ಜೀನಿಯಾದ ಪಿಟೀಲು ಸ್ಪರ್ಧೆಯ ನ್ಯೂಸ್‌ರೀಲ್ ನೋಡಿ, ನಮ್ಮೂರಲ್ಲೂ ಒಬ್ಬ ಇದಾನಲ್ಲ ಅಂತ ಅಲ್ಲೇ ನೋಟ್‌ಬುಕ್‌ನಲ್ಲಿ ಅವನ ಹೆಸರು ಬರ್ಕೊಂಡ ಅಂತ ಕಥೆ. ಆ ಒಬ್ಬ ಫಿಡ್ಲಿನ್ ಜಾನ್ ಕಾರ್ಸನ್, ಐವತ್ತರ ಆಸುಪಾಸಿನ ಪಿಟೀಲುಗಾರ, ಮಿಲ್ ಕೆಲಸ ಮಾಡಿದ್ದವನು, ಅಟ್ಲಾಂಟಾದ ಪಿಟೀಲು ಸ್ಪರ್ಧೆಗಳಲ್ಲಿ ಹಲವು ಸಲ ಗೆದ್ದವನು, ಹೊಸದಾಗಿ ಶುರುವಾಗಿದ್ದ ಡಬ್ಲ್ಯೂಎಸ್‌ಬಿ ರೇಡಿಯೋದಲ್ಲೂ ಹಾಡ್ತಿದ್ದ.

1923ರ ಜೂನ್‌ನಲ್ಲಿ ಓಕೆ ಕಂಪನಿಯ ರಾಲ್ಫ್ ಪೀರ್ ಅನ್ನೋ ಮೂವತ್ತೊಂದು ವರ್ಷದ ಮನುಷ್ಯ ಅಟ್ಲಾಂಟಾಗೆ ಮಷೀನ್ ಹೊತ್ಕೊಂಡು ಬಂದ. ಈ ಹೆಸರು ನೆನಪಿಟ್ಕೊಳ್ಳಿ, ಇಡೀ ಕಥೇಲಿ ಮತ್ತೆ ಮತ್ತೆ ಬರೋನು ಇವನೇ. ಕಾರ್ಸನ್ ಎರಡು ಹಾಡು ಹಾಡಿದ, ಒಂದು 'ದ ಲಿಟ್ಲ್ ಓಲ್ಡ್ ಲಾಗ್ ಕ್ಯಾಬಿನ್ ಇನ್ ದ ಲೇನ್', ಇನ್ನೊಂದು ಕೋಳಿ ಕೂಗೋ ಹಾಡು. ಪೀರ್‌ಗೆ ಆ ಹಾಡುಗಾರಿಕೆ ಸ್ವಲ್ಪಾನೂ ಹಿಡಿಸ್ಲಿಲ್ಲ, ಇದಕ್ಕಿಂತ ಕೆಟ್ಟದಾಗಿ ಹಾಡೋಕೆ ಆಗಲ್ಲ ಅನ್ನೋ ಥರದ ಮಾತಾಡಿದ್ದ ಅಂತ ಆಮೇಲೆ ಎಲ್ರೂ ಬರೆದಿದಾರೆ. ಆದ್ರೆ ಬ್ರಾಕ್‌ಮನ್ ಬಿಡ್ಲಿಲ್ಲ, 500 ಪ್ಲೇಟು ನಾನೇ ತಗೊಳ್ತೀನಿ ಒತ್ತಿಕೊಡಿ ಅಂದ. ಸರಿ, ದುಡ್ಡು ಕೊಡೋ ಗಿರಾಕಿ ಅಂತ ಕ್ಯಾಟಲಾಗ್ ನಂಬರ್ ಕೂಡ ಹಾಕದೆ 500 ಒತ್ತಿ ಕಳಿಸಿದ್ರು. ಅಷ್ಟೂ ಖಾಲಿ, ಮತ್ತೆ ಆರ್ಡರು, ಮತ್ತೆ ಖಾಲಿ. ಆಮೇಲೆ ಕಂಪನಿಯವ್ರು ಗಡಿಬಿಡೀಲಿ ನಂಬರ್ ಹಾಕಿ ದೇಶಕ್ಕೆಲ್ಲ ಬಿಟ್ಟು, ಕಾರ್ಸನ್‌ನ ನ್ಯೂಯಾರ್ಕ್‌ಗೆ ಕರೆಸ್ಕೊಂಡ್ರು.

ಹಾಗಾದ್ರೆ ಇದೇನಾ ಮೊದಲ ಕಂಟ್ರಿ ರೆಕಾರ್ಡ್? ಇಲ್ಲ. ಒಂದು ವರ್ಷ ಮುಂಚೆ, 1922ರ ಜೂನ್ ಕೊನೇಲಿ, ಟೆಕ್ಸಸ್‌ನ ಎಕ್ ರಾಬರ್ಟ್‌ಸನ್, ಒಕ್ಲಹೋಮಾದ ಹೆನ್ರಿ ಗಿಲಿಲ್ಯಾಂಡ್ ಅನ್ನೋ ಇಬ್ಬರು ಪಿಟೀಲುಗಾರರು ಯಾರೂ ಕರೀದೇ ಇದ್ರೂ ನ್ಯೂಯಾರ್ಕ್‌ನ ವಿಕ್ಟರ್ ಕಂಪನಿ ಬಾಗಿಲಿಗೆ ಹೋಗಿ ನಮ್ಮದು ರೆಕಾರ್ಡ್ ಮಾಡ್ಕೊಳ್ಳಿ ಅಂದಿದ್ರು, ವಿಕ್ಟರ್‌ನವ್ರು ಮಾಡ್ಕೊಂಡ್ರು ಕೂಡ. ರಾಬರ್ಟ್‌ಸನ್ ಒಬ್ಬನೇ ನುಡಿಸಿದ 'ಸ್ಯಾಲಿ ಗೂಡನ್' ಇವತ್ತಿಗೂ ಕೇಳಿದ್ರೆ ಮೈ ಜುಮ್ಮನ್ನುತ್ತೆ, ಒಂದೇ ಸಣ್ಣ ಧಾಟೀನ ಹತ್ತಾರು ಥರ ತಿರುಗಿಸಿ ತಿರುಗಿಸಿ ನುಡಿಸ್ತಾನೆ. ಆದ್ರೆ ವಿಕ್ಟರ್‌ಗೆ ಅದನ್ನ ಯಾರಿಗೆ ಮಾರಬೇಕು ಅಂತಾನೇ ಗೊತ್ತಿರ್ಲಿಲ್ಲ, ಆ ಮನುಷ್ಯನ್ನ ಮತ್ತೆ ರೆಕಾರ್ಡಿಂಗ್‌ಗೆ ಕೂರಿಸಿದ್ದು 1929ರಲ್ಲಿ. ಕಾರ್ಸನ್‌ಗಿಂತ ನೂರು ಪಾಲು ಚೆನ್ನಾಗಿ ನುಡಿಸೋನು (ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ), ಆದ್ರೆ ಅವನ ಹಿಂದೆ ಒಬ್ಬ ಫರ್ನಿಚರ್ ಅಂಗಡಿಯವನು ಇರ್ಲಿಲ್ಲ.

ಇನ್ನೊಂದು ತಮಾಷೆ ನೋಡಿ. ಕಾರ್ಸನ್ ಹಾಡಿದ ಆ ಗುಡಿಸಲ ಹಾಡು ಬೆಟ್ಟದ ಜನ ಅಜ್ಜಿಯಿಂದ ಮೊಮ್ಮಗನಿಗೆ ಕಲಿಸ್ಕೊಂಡು ಬಂದ ಜನಪದ ಅಂದ್ಕೊಂಡ್ರೆ ತಪ್ಪು, ಅದನ್ನ 1871ರಲ್ಲಿ ವಿಲ್ ಹೇಸ್ ಅನ್ನೋ ವೃತ್ತಿಪರ ಹಾಡು ಬರೆಯೋನು ನಾಟಕದ ಸ್ಟೇಜಿಗೆ ಅಂತ ಬರೆದಿದ್ದು. ಪಟ್ಟಣದ ಸ್ಟೇಜ್ ಹಾಡು ಹಳ್ಳಿಗೆ ಹೋಗಿ ಐವತ್ತು ವರ್ಷ ಅಲ್ಲೇ ಉಳ್ಕೊಂಡು, ಅದನ್ನ ಯಾರು ಬರೆದ್ರು ಅಂತ ಜನಕ್ಕೆ ಮರೆತೇ ಹೋಗಿ, ವಾಪಸ್ ಪ್ಲೇಟಾಗಿ ಪಟ್ಟಣಕ್ಕೆ ಬಂತು. ನಮ್ಮ ಕಂಪನಿ ನಾಟಕದ ಹಾಡುಗಳು ಭಜನೆಮನೆ ಸೇರಿದ್ದು ಹಿಂಗೇ ತಾನೆ.

ಈಗ ಪ್ಲೇಟಿನ ವಿಷಯಕ್ಕೆ ಬರೋಣ, ಯಾಕಂದ್ರೆ ಹಾಡು ಹಂಗಿರೋಕೆ ಅರ್ಧ ಕಾರಣ ಪ್ಲೇಟೇ. ಹತ್ತು ಇಂಚಿನ ಪ್ಲೇಟು, ನಿಮಿಷಕ್ಕೆ 78 ಸುತ್ತು, ಒಂದು ಬದೀಲಿ ಹಿಡಿಸೋದು ಸುಮಾರು ಮೂರು ನಿಮಿಷ. ಊರಲ್ಲಿ ಕುಣಿತಕ್ಕೆ ಅಂತ ಅರ್ಧ ಗಂಟೆ ನುಡಿಸೋ ಪಿಟೀಲು, ಇಪ್ಪತ್ತು ಮೂವತ್ತು ನುಡಿ ಇರೋ ಕಥೆ ಹಾಡು, ಎಲ್ಲಾನೂ ಮೂರು ನಿಮಿಷಕ್ಕೆ ಕತ್ತರಿಸ್ಬೇಕು. ಆ ಪ್ಲೇಟು ಮಾಡ್ತಿದ್ದಿದ್ದು ಶೆಲ್ಯಾಕ್‌ನಿಂದ, ಅಂದ್ರೆ ಅರಗು, ಚನ್ನಪಟ್ಟಣದ ಬೊಂಬೆಗೆ ಬಣ್ಣ ಕೂರಿಸ್ತಾರಲ್ಲ ಅದೇ ಅರಗು. ಆಗ ಪ್ರಪಂಚಕ್ಕೆಲ್ಲ ಅರಗು ಹೆಚ್ಚಾಗಿ ಹೋಗ್ತಿದ್ದಿದ್ದು ನಮ್ಮ ದೇಶದಿಂದಾನೇ, ಮುಖ್ಯವಾಗಿ ಛೋಟಾ ನಾಗಪುರದ ಕಡೆ ಕಾಡಿನಿಂದ. ಟೆನೆಸಿ ಬೆಟ್ಟದಲ್ಲಿ ಯಾರೋ ಕೀ ಕೊಟ್ಟು ಕೇಳ್ತಿದ್ದ ಪಿಟೀಲಿನ ಪ್ಲೇಟಲ್ಲಿ ಮುತ್ತುಗದ ಮರದ ಮೇಲಿನ ಹುಳದ ಅಂಟು ಇತ್ತು ಅಂತ ನೆನೆಸ್ಕೊಂಡ್ರೆ ನನಗೆ ಒಂಥರಾ ಖುಷಿ.

1925ರ ತನಕ ರೆಕಾರ್ಡಿಂಗ್ ಅಂದ್ರೆ ಮೈಕ್ ಇಲ್ಲ, ಕರೆಂಟ್ ಇಲ್ಲ. ದೊಡ್ಡ ಕೊಳವೆ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡ್ಬೇಕು, ಆ ಸದ್ದಿಗೇ ಇನ್ನೊಂದು ತುದೀಲಿರೋ ಮುಳ್ಳು ಅಲ್ಲಾಡಿ ಮೇಣದ ಮೇಲೆ ಗೀರು ಕೊರೀತಾ ಹೋಗುತ್ತೆ. ಗಿಟಾರ್ ಥರದ ಮೆತ್ತಗಿನ ವಾದ್ಯ ಇದ್ರಲ್ಲಿ ಸರಿಯಾಗಿ ಬೀಳ್ತಾನೇ ಇರ್ಲಿಲ್ಲ, ಪಿಟೀಲು ಬ್ಯಾಂಜೋ ಆದ್ರೆ ಕಿರುಚುತ್ತೆ, ಬೀಳುತ್ತೆ. 1925ರಲ್ಲಿ ವಿಕ್ಟರ್, ಕೊಲಂಬಿಯಾ ಎರಡೂ ಕಂಪನಿ ಮೈಕಿಗೆ ಬಂದ್ವು. ಪಿಸುಮಾತೂ ರೆಕಾರ್ಡ್ ಆಗೋ ಹಂಗಾಯ್ತು. ಕಂಟ್ರಿ ಹಾಡು ಪಿಟೀಲಿನ ಕುಣಿತದಿಂದ ಗಿಟಾರ್ ಹಿಡ್ಕೊಂಡು ಮನಸ್ಸಿನ ಮಾತು ಹೇಳೋ ಹಾಡಿನ ಕಡೆಗೆ ಹೊರಳಿದ್ದಕ್ಕೆ ಈ ಮೈಕ್ ದೊಡ್ಡ ಕಾರಣ ಅಂತ ನನ್ನ ಲೆಕ್ಕ.

ನಿಜವಾದ ಭರ್ಜರಿ ಹಿಟ್ ಅಂದ್ರೆ 1924ರ ವರ್ನನ್ ಡಾಲ್‌ಹಾರ್ಟ್ ಪ್ಲೇಟು. ಇವನ ಅಸಲಿ ಹೆಸರು ಮೇರಿಯನ್ ಟ್ರೈ ಸ್ಲಾಟರ್, ಟೆಕ್ಸಸ್‌ನಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಆಪೆರಾ ಹಾಡ್ಕೊಂಡಿದ್ದೋನು, ಟೆಕ್ಸಸ್‌ನ ಎರಡು ಊರಿನ ಹೆಸರು ಜೋಡಿಸಿ ತನ್ನ ಹೆಸರು ಮಾಡ್ಕೊಂಡಿದ್ದ. ಕೆಲಸ ಕಮ್ಮಿಯಾಗಿತ್ತು, ಈ ಹಳ್ಳಿ ಹಾಡು ಓಡ್ತಿದೆ, ನಾನೂ ಹಾಡ್ತೀನಿ ಅಂತ ವಿಕ್ಟರ್‌ನವ್ರನ್ನ ಒಪ್ಪಿಸಿದ. ಒಂದು ಬದೀಲಿ 'ರೆಕ್ ಆಫ್ ದ ಓಲ್ಡ್ 97', ಇನ್ನೊಂದು ಬದೀಲಿ 'ದ ಪ್ರಿಸನರ್ಸ್ ಸಾಂಗ್'. ಮೊದಲನೇದು 1903ರ ಸೆಪ್ಟೆಂಬರ್ 27ಕ್ಕೆ ವರ್ಜೀನಿಯಾದ ಡ್ಯಾನ್‌ವಿಲ್ ಹತ್ರ ಸೇತುವೆಯಿಂದ ಉರುಳಿಬಿದ್ದ ಟಪಾಲು ರೈಲಿನ ಕಥೆ, ಲೇಟಾಗಿದ್ದನ್ನ ಸರಿಮಾಡೋಕೆ ಜೋರಾಗಿ ಓಡಿಸಿದ ಡ್ರೈವರ್ ಸೇರಿ 11 ಜನ ಸತ್ರು. ಜಾತ್ರೇಲಿ ನಿಂತು ಕೊಲೆ, ಪ್ರವಾಹ, ರೈಲು ಅಪಘಾತದ ಮೇಲೆ ಲಾವಣಿ ಹಾಡೋರು ನಮ್ಮ ಕಡೆ ಇದ್ರಲ್ಲ, ಅದೇ ಜಾತಿಯ ಹಾಡು. ಎರಡನೇದು ಜೈಲಲ್ಲಿರೋನ ಅಳು. ಪ್ಲೇಟು ಹತ್ತು ಲಕ್ಷ ದಾಟಿ ಹೋಯ್ತು. ಎಪ್ಪತ್ತು ಲಕ್ಷ ಅನ್ನೋರೂ ಇದಾರೆ, ನಾನು ನಂಬಲ್ಲ, ಆಗ ಚಾರ್ಟ್ ಇಲ್ಲ, ಲೆಕ್ಕ ಕಂಪನಿ ಕಪಾಟಿನಲ್ಲಿ, ಅದ್ರ ಮೇಲೆ ಡಾಲ್‌ಹಾರ್ಟ್ ಅದೇ ಹಾಡನ್ನ ಬೇರೆ ಬೇರೆ ಕಂಪನಿಗೆ ಬೇರೆ ಬೇರೆ ಹೆಸರಲ್ಲಿ ಹಾಡಿದಾನೆ. ಕಂಟ್ರಿಯ ಮೊದಲ ಮಿಲಿಯನ್ ಹಿಟ್ ಇದು ಅಂತ ಮಾತ್ರ ಎಲ್ರೂ ಒಪ್ತಾರೆ. ಅಂದ್ರೆ ಅಪ್ಪಟ ಹಳ್ಳಿ ಸಂಗೀತದ ಮೊದಲ ಮಹಾ ಹಿಟ್ ಹಾಡಿದ್ದು ಆಪೆರಾ ಕಲಿತ ನ್ಯೂಯಾರ್ಕ್ ವಾಸಿ.

ಹಿಟ್ ಆದ್ಮೇಲೆ ಕೋರ್ಟು ಬರದೇ ಇರುತ್ತಾ. ಆ ರೈಲು ಹಾಡು ಬರೆದಿದ್ದು ನಾನು ಅಂತ ಡೇವಿಡ್ ಗ್ರೇವ್ಸ್ ಜಾರ್ಜ್ ಅನ್ನೋನು ವಿಕ್ಟರ್ ಮೇಲೆ ಕೇಸ್ ಹಾಕಿದ, 1933ರಲ್ಲಿ ಅವನ ಪರ ತೀರ್ಪಾಯ್ತು, ಅಪೀಲಲ್ಲಿ ಉಲ್ಟಾ ಆಯ್ತು, ಸುಪ್ರೀಂ ಕೋರ್ಟ್ ತನಕ ಎಳೆದಾಡಿ ಕೊನೆಗೆ 1940ರಲ್ಲಿ ವಿಕ್ಟರ್ ಗೆದ್ದಿತು.

ಈ ಕೋರ್ಟ್ ವಿಷಯ ಬಂದಿದ್ದು ಒಳ್ಳೇದೇ ಆಯ್ತು, ಯಾಕಂದ್ರೆ ಇಡೀ ಕಥೇಲಿ ಅರ್ಥ ಆಗೋಕೆ ಕಷ್ಟ ಇರೋ ಭಾಗ ಇದೇ: ದುಡ್ಡು ಯಾರಿಗೆ ಹೋಗ್ತಿತ್ತು? 1909ರ ಅಮೆರಿಕದ ಕಾಪಿರೈಟ್ ಕಾನೂನಿನ ಪ್ರಕಾರ ಒಂದು ಹಾಡು ಪ್ಲೇಟಾದ್ರೆ, ಮಾರಾಟ ಆದ ಪ್ರತಿ ಪ್ಲೇಟಿಗೂ ಆ ಹಾಡಿನ ಹಕ್ಕುದಾರನಿಗೆ ಎರಡು ಸೆಂಟ್ ಕೊಡ್ಬೇಕು. ಹಾಡಿದವನಿಗಲ್ಲ, ಹಾಡಿನ ಹಕ್ಕುದಾರನಿಗೆ. ಎರಡು ಸೆಂಟ್ ಅಂದ್ರೆ ಏನ್ ಮಹಾ ಅನ್ಸುತ್ತೆ. ಲೆಕ್ಕ ಹಾಕಿ ನೋಡಿ: ಉತ್ತರ ಕೆರೊಲಿನಾದ ಬಟ್ಟೆ ಮಿಲ್ ಕೂಲಿ ಚಾರ್ಲಿ ಪೂಲ್, ಕುಡುಕ, ಬ್ಯಾಂಜೋ ಭೂಪ, 1925ರ ಜುಲೈನಲ್ಲಿ ಮೂರು ಜನರ ತಂಡ ಕಟ್ಕೊಂಡು ನ್ಯೂಯಾರ್ಕ್‌ಗೆ ಹೋಗಿ ಕೊಲಂಬಿಯಾಗೆ ನಾಲ್ಕು ಹಾಡು ಹಾಡಿದ. ಅದ್ರಲ್ಲಿ 'ಡೋಂಟ್ ಲೆಟ್ ಯುವರ್ ಡೀಲ್ ಗೋ ಡೌನ್' ಇದ್ದ ಪ್ಲೇಟು 1,02,000 ಹೋಯ್ತು, ಇಪ್ಪತ್ತು ಸಾವಿರ ಹೋದ್ರೇ ದೊಡ್ಡದು ಅನ್ನೋ ಕಾಲದಲ್ಲಿ. ತಂಡಕ್ಕೆ ಸಿಕ್ಕಿದ್ದು ಒಟ್ಟು 75 ಡಾಲರ್, ಅಲ್ಲಿಗೆ ಲೆಕ್ಕ ಚುಕ್ತಾ. ಅದೇ ಎರಡು ಸೆಂಟ್ ಲೆಕ್ಕದಲ್ಲಿ ಒಂದೇ ಹಾಡಿಗೆ ಎರಡು ಸಾವಿರ ಡಾಲರ್ ಮೇಲೆ ಆಗುತ್ತೆ.

ರಾಲ್ಫ್ ಪೀರ್‌ಗೆ ಈ ಲೆಕ್ಕ ಎಲ್ಲರಿಗಿಂತ ಮುಂಚೆ ಹೊಳೀತು. ಓಕೆ ಬಿಟ್ಟು ವಿಕ್ಟರ್‌ಗೆ ಬಂದಾಗ ಅವನು ಸಂಬಳ ಕೇಳ್ಲೇ ಇಲ್ಲ. ಹಾಡುಗಾರರನ್ನ ಹುಡುಕಿ ತರ್ತೀನಿ, ಅವ್ರ ಹಾಡಿನ ಹಕ್ಕು ಮಾತ್ರ ನನಗಿರ್ಲಿ, ಅಷ್ಟೇ. ಹಾಡಿದವ್ರಿಗೆ ಹಾಡಿಗೆ 50 ಡಾಲರ್ ಕೈಗೆ, ಆಮೇಲೆ ರಾಯಲ್ಟೀಲಿ ಒಂದು ಪಾಲು. ಪೂಲ್‌ಗೆ ಸಿಕ್ಕಿದ್ದಕ್ಕೆ ಹೋಲಿಸಿದ್ರೆ ಇದು ಧರ್ಮವೇ, ಸುಳ್ಳಲ್ಲ, ಆದ್ರೆ ಸಿಂಹಪಾಲು ಪೀರ್‌ದೇ. ಇದ್ರಿಂದ ಒಂದು ವಿಚಿತ್ರ ಪರಿಣಾಮ ಆಯ್ತು: ಹಾಡು ಬೇರೆ ಯಾರ ಹೆಸರಲ್ಲೂ ರಿಜಿಸ್ಟರ್ ಆಗಿರಬಾರದು. ಹಳ್ಳಿಯವನು ಬಂದು ರೇಡಿಯೋದಲ್ಲಿ ಕೇಳಿದ ನ್ಯೂಯಾರ್ಕ್ ಹಿಟ್ ಹಾಡ್ತೀನಿ ಅಂದ್ರೆ ಪೀರ್ ಬೇಡ ಅಂತಿದ್ದ, ಸ್ವಂತದ್ದು ಇಲ್ಲಾ ಅಜ್ಜನ ಕಾಲದ್ದು ಇದ್ರೆ ಹಾಡಪ್ಪ. ನಿಜಕ್ಕೂ ಆ ಜನ ಎಲ್ಲಾ ಥರದ ಹಾಡೂ ಹಾಡ್ತಿದ್ರು, ಪೇಟೆ ಹಾಡು, ಜಾಝ್, ಹವಾಯಿ ಗಿಟಾರು, ಎಲ್ಲಾ. ಪ್ಲೇಟಿಗೆ ಬಿದ್ದಿದ್ದು ಮಾತ್ರ ಹಳೇದು. ಕಂಟ್ರಿ ಅಂದ್ರೆ ಹಳೇ ಕಾಲದ ಶುದ್ಧ ಹಾಡು ಅಂತ ನಮಗೆ ಇವತ್ತು ಅನ್ಸೋದ್ರಲ್ಲಿ ಈ ಎರಡು ಸೆಂಟಿನ ಕೈವಾಡ ಎಷ್ಟಿದೆ ಅಂತ ಯಾರೂ ಹೇಳಲ್ಲ.

ಬ್ರಿಸ್ಟಲ್‌ಗೆ ಬರೋಣ. ಈ ಊರಿನ ನಡುವೆ ಹೋಗೋ ಸ್ಟೇಟ್ ಸ್ಟ್ರೀಟೇ ಗಡಿ, ರಸ್ತೆಯ ಈ ಕಡೆ ಟೆನೆಸಿ, ಆ ಕಡೆ ವರ್ಜೀನಿಯಾ. 1927ರ ಜುಲೈ 25ರಿಂದ ಆಗಸ್ಟ್ 5ರವರೆಗೆ ಪೀರ್ ಇಲ್ಲಿ ಟೋಪಿ ಕೈಗವಸು ಮಾರ್ತಿದ್ದ ಕಂಪನಿಯ ಖಾಲಿ ಕಟ್ಟಡದಲ್ಲಿ ಠಿಕಾಣಿ ಹೂಡಿದ. ಗೋಡೆಗೆಲ್ಲ ಕಂಬಳಿ ನೇತುಹಾಕಿ ಪ್ರತಿಧ್ವನಿ ಬರದ ಹಾಗೆ ಮಾಡಿದ್ರು. ಮೈಕ್ ಇತ್ತು, ಆದ್ರೆ ಮೇಣದ ತಟ್ಟೆ ಒಂದೇ ಸಮ ತಿರುಗ್ಬೇಕಲ್ಲ, ಕರೆಂಟ್ ನಂಬಿದ್ರೆ ವೇಗ ಹೆಚ್ಚುಕಮ್ಮಿ ಆಗುತ್ತೆ ಅಂತ ಹಳೇ ಗೋಡೆ ಗಡಿಯಾರದ ಥರ ಭಾರ ನೇತುಹಾಕಿ, ಆ ಭಾರ ನಿಧಾನಕ್ಕೆ ಕೆಳಗೆ ಇಳೀತಾ ಇದ್ದಂಗೆ ತಟ್ಟೆ ತಿರುಗೋ ಏರ್ಪಾಡು. ಭಾರ ನೆಲ ಮುಟ್ಟೋದ್ರೊಳಗೆ ಹಾಡು ಮುಗೀಬೇಕು. ತಪ್ಪಾದ್ರೆ ಅಳಿಸೋಕಾಗಲ್ಲ, ಹೊಸ ಮೇಣ, ಮತ್ತೆ ಮೊದಲಿಂದ.

ಶುರುವಿನಲ್ಲಿ ಹೆಚ್ಚು ಜನ ಬರ್ಲಿಲ್ಲ. ಆಗ ಪೀರ್ ಊರಿನ ಪೇಪರಿನವ್ರನ್ನ ಕರೆಸಿ ರೆಕಾರ್ಡಿಂಗ್ ತೋರಿಸಿದ, ಅವತ್ತು ಹಾಡ್ತಿದ್ದೋನು ಅರ್ನೆಸ್ಟ್ ಸ್ಟೋನ್‌ಮನ್ ಅನ್ನೋ ಬಡಗಿ. ಅವನಿಗೆ ದಿನಕ್ಕೆ ನೂರು ಡಾಲರ್, ಹಿಂದಿನ ವರ್ಷ 3,600 ಡಾಲರ್ ಬಂದಿದೆ ಅಂತ ಪೇಪರಲ್ಲಿ ಬಂದಿದ್ದೇ ತಡ, ಸುತ್ತಮುತ್ತ ಬೆಟ್ಟದಿಂದ ಬಸ್ಸು, ಕುದುರೆ, ರೈಲು ಹತ್ತಿ ಜನ ಬಂದ್ರು ಬಂದ್ರು. ಹನ್ನೆರಡು ದಿನದಲ್ಲಿ 19 ತಂಡ, 76 ರೆಕಾರ್ಡಿಂಗ್.

ಆಗಸ್ಟ್ 1ಕ್ಕೆ ಬಂದಿದ್ದು ಕಾರ್ಟರ್ ಫ್ಯಾಮಿಲಿ. ವರ್ಜೀನಿಯಾದ ಮೇಸಸ್ ಸ್ಪ್ರಿಂಗ್‌ನಿಂದ, ತಮ್ಮನ ಕಾರ್ ಕಡ ಇಸ್ಕೊಂಡು, ಕೆಟ್ಟ ರಸ್ತೇಲಿ, ದಾರೀಲಿ ಟೈರ್ ಪಂಕ್ಚರ್ ಆಗಿ ಹಿಂದಿನ ದಿನ ಸಂಜೆ ಬಂದು ಸೇರಿದ್ರು. ಎ.ಪಿ. ಕಾರ್ಟರ್, ಹೆಂಡ್ತಿ ಸಾರಾ, ತಮ್ಮನ ಹೆಂಡ್ತಿ ಮೇಬೆಲ್. ಸಾರಾ ಮೇಬೆಲ್ ಓರಗಿತ್ತಿಯರು, ಅದಕ್ಕೂ ಮುಂಚೆ ಒಬ್ಬರಿಗೊಬ್ಬರು ಕಸಿನ್‌ಗಳು, ಹತ್ತಿರದ ರಕ್ತಸಂಬಂಧದವ್ರು. ಮೇಬೆಲ್‌ಗೆ ಬರೀ 18, ಏಳು ತಿಂಗಳು ದಾಟಿದ ಬಸುರಿ. ಸಾರಾ ದನಿ ಕೇಳಿದ ಪೀರ್‌ಗೆ ಆಗ್ಲೇ ಗೊತ್ತಾಯ್ತಂತೆ ಇದು ನಡೆಯುತ್ತೆ ಅಂತ. ಎರಡು ದಿನದಲ್ಲಿ ಆರು ಹಾಡು. ಆದ್ರೆ ನಾನು ನಿಮಗೆ ಕೇಳಿ ಅಂತ ಹೇಳೋದು ಅವ್ರದ್ದೇ 1928ರ 'ವೈಲ್ಡ್‌ವುಡ್ ಫ್ಲವರ್', ಅದೂ ಗಿಟಾರಿಗೋಸ್ಕರ. ಮೇಬೆಲ್ ಹೆಬ್ಬೆರಳಲ್ಲಿ ದಪ್ಪ ತಂತಿಗಳ ಮೇಲೆ ಧಾಟಿ ನುಡಿಸ್ತಾ, ಮಧ್ಯೆ ಮಧ್ಯೆ ಬೆರಳನ್ನ ಮೇಲಿನ ತೆಳು ತಂತಿಗಳ ಮೇಲೆ ಸವರಿ ತಾಳ ಕೊಡ್ತಾಳೆ, ಹಾಡೂ ಅದೇ ಗಿಟಾರಲ್ಲಿ, ತಾಳಾನೂ ಅದೇ ಗಿಟಾರಲ್ಲಿ, ಇಬ್ಬರು ಕೂತಿದಾರೇನೋ ಅನ್ಸುತ್ತೆ. ಇವತ್ತಿಗೂ ಗಿಟಾರ್ ಕ್ಲಾಸಲ್ಲಿ ಇದನ್ನ ಕಲಿಸ್ತಾರೆ. ನಾನು ಯೂಟ್ಯೂಬ್ ನೋಡ್ಕೊಂಡು ಆರು ತಿಂಗಳು ಒದ್ದಾಡಿದೀನಿ, ಹೆಬ್ಬೆರಳು ಮಾತ್ರ ಮಾತು ಕೇಳಲ್ಲ.

ಹಾಡುಗಳು ಎಲ್ಲಿಂದ ಬಂದ್ವು? ಪೀರ್‌ಗೆ ಹೊಸ ಹಾಡು ಬೇಕು, ಎ.ಪಿ. ಊರೂರು ತಿರುಗಿ ಹುಡುಕ್ತಿದ್ದ. ಅವನಿಗೆ ಸಾಹಿತ್ಯ ಬರ್ಕೊಳ್ಳೋಕೆ ಬರ್ತಿತ್ತು, ಧಾಟಿ ನೆನಪಿರ್ತಿರ್ಲಿಲ್ಲ. ಅದಕ್ಕೆ ಜೊತೇಲಿ ಹೋಗ್ತಿದ್ದಿದ್ದು ಲೆಸ್ಲಿ ರಿಡಲ್, ಟೆನೆಸಿಯ ಕಿಂಗ್ಸ್‌ಪೋರ್ಟ್‌ನ ಕಪ್ಪು ಗಿಟಾರ್ ವಾದಕ, ಸಿಮೆಂಟ್ ಫ್ಯಾಕ್ಟರಿ ಅಪಘಾತದಲ್ಲಿ ಒಂದು ಕಾಲು ಕಳ್ಕೊಂಡಿದ್ದವನು. ಒಂದ್ಸಲ ಕೇಳಿದ್ರೆ ಸಾಕು ರಿಡಲ್ ತಲೇಲಿ ರೆಕಾರ್ಡ್ ಆಗಿಬಿಡೋದು, ಮನೆಗೆ ಬಂದು ಕಾರ್ಟರ್‌ಗಳಿಗೆ ನುಡಿಸಿ ತೋರಿಸ್ತಿದ್ದ. ಪ್ಲೇಟ್ ಮೇಲೆ ಬಂದಿದ್ದು ಎ.ಪಿ. ಕಾರ್ಟರ್ ಹೆಸರೊಂದೇ.

ಅದೇ ಬ್ರಿಸ್ಟಲ್, ಆಗಸ್ಟ್ 4. ಜಿಮ್ಮಿ ರಾಜರ್ಸ್ ಬಂದ, ಮಿಸಿಸಿಪ್ಪಿಯ ಮೆರಿಡಿಯನ್ ಕಡೆಯವನು, ರೈಲ್ವೇಲಿ ಬ್ರೇಕ್‌ಮನ್ ಆಗಿದ್ದ, 1924ರಿಂದ ಕ್ಷಯ. ಪ್ಲೇಟಿನ ಮೇಲೆ ಯಾರ ಹೆಸರು ಹಾಕ್ಬೇಕು ಅಂತ ಹಿಂದಿನ ರಾತ್ರಿ ತಂಡದವ್ರ ಜೊತೆ ಜಗಳ ಆಗಿ ತಂಡ ಒಡೆದುಹೋಗಿತ್ತು, ಹಂಗಾಗಿ ಒಬ್ಬನೇ ಗಿಟಾರ್ ಹಿಡ್ಕೊಂಡು ಎರಡು ಹಾಡು ಹಾಡಿದ. ಅವೇನೂ ದೊಡ್ಡದಾಗಿ ಓಡ್ಲಿಲ್ಲ. ಆದ್ರೆ ಇವನು ಸುಮ್ನೆ ಕೂರೋ ಪೈಕಿ ಅಲ್ಲ, ತಾನೇ ಪೀರ್ ಹತ್ರ ಹೋಗಿ ಮತ್ತೊಂದು ಚಾನ್ಸ್ ಗಿಟ್ಟಿಸ್ಕೊಂಡ. ನವೆಂಬರ್ 30ಕ್ಕೆ ನ್ಯೂಜೆರ್ಸಿಯ ಕ್ಯಾಮ್‌ಡೆನ್‌ನಲ್ಲಿ 'ಬ್ಲೂ ಯೋಡೆಲ್' ಹಾಡಿದ, ಅದು ಲಕ್ಷಗಟ್ಟಲೆ ಹೋಯ್ತು. ಕಪ್ಪು ಜನರ ಬ್ಲೂಸ್ ಅಚ್ಚಿನ ಹಾಡು, ಪ್ರತಿ ನುಡಿ ಕೊನೇಲಿ ಯೋಡೆಲ್, ಅಂದ್ರೆ ಎದೆಯ ದನಿಯಿಂದ ಫಟ್ ಅಂತ ಕಳ್ಳದನಿಗೆ ಜಿಗಿದು ಮತ್ತೆ ಇಳಿಯೋದು. ಕಿಶೋರ್ ಕುಮಾರ್ ಹಾಡಿನ ಮಧ್ಯೆ ಊಡ್ಲಿ ಊಡ್ಲಿ ಅಂತಾರಲ್ಲ ಅದೇ, ಅವ್ರು ಅದನ್ನ ಕಲಿತಿದ್ದೇ ರಾಜರ್ಸ್ ಥರದವ್ರ ಪ್ಲೇಟು ಕೇಳಿ ಅಂತ ಹೇಳ್ತಾರೆ. ಐದೂವರೆ ವರ್ಷ ಇವನದ್ದೇ ಕಾರುಬಾರು. ಸ್ವಂತ ಹಾಡು ತಾ ಅಂತ ಪೀರ್ ಪೀಡಿಸ್ತಿದ್ದ, ಇವನು ನಾದಿನಿ ಎಲ್ಸಿ ಮ್ಯಾಕ್‌ವಿಲಿಯಮ್ಸ್ ಕೈಲಿ ಬರೆಸ್ತಿದ್ದ. ಕಾಯಿಲೆ ಮಾತ್ರ ಬಿಡ್ಲಿಲ್ಲ, 1933ರ ಮೇ 24ರ ಕೊನೇ ರೆಕಾರ್ಡಿಂಗ್‌ನಲ್ಲಿ ಹಾಡು ಹಾಡಿನ ನಡುವೆ ಮಲಗೋಕೆ ಸ್ಟುಡಿಯೋದಲ್ಲೇ ಮಂಚ ಹಾಕಿದ್ರು. 26ಕ್ಕೆ ನ್ಯೂಯಾರ್ಕ್ ಹೋಟೆಲ್‌ನಲ್ಲಿ ತೀರ್ಕೊಂಡ, 35 ವರ್ಷ.

ಅಷ್ಟೊತ್ತಿಗೆ ವ್ಯಾಪಾರಾನೂ ಮಲಗಿತ್ತು. 1929ರ ಕುಸಿತ, ಜೊತೆಗೆ ಪುಕ್ಕಟೆ ರೇಡಿಯೋ, 75 ಸೆಂಟ್ ಕೊಟ್ಟು ಪ್ಲೇಟು ಯಾರು ತಗೋತಾರೆ. ಚಾರ್ಲಿ ಪೂಲ್ 1931ರಲ್ಲೇ ಹೋದ. ಡಾಲ್‌ಹಾರ್ಟ್ ಕೊನೆಗಾಲದಲ್ಲಿ ಕನೆಕ್ಟಿಕಟ್‌ನ ಒಂದು ಹೋಟೆಲಲ್ಲಿ ರಾತ್ರಿ ಪಾಳಿ ಕ್ಲರ್ಕ್.

ಒಂದು ವಿಷಯ ಬಾಕಿ. ಆಗ ಇದಕ್ಕೆ ಕಂಟ್ರಿ ಅನ್ನೋ ಹೆಸರೇ ಇರ್ಲಿಲ್ಲ, ಓಲ್ಡ್ ಟೈಮ್ ಟ್ಯೂನ್ಸ್ ಅಂತಿದ್ರು, ಆಮೇಲೆ ಹಿಲ್‌ಬಿಲ್ಲಿ, ಅಂದ್ರೆ ಹೆಚ್ಚುಕಮ್ಮಿ ಗುಡ್ಡದ ಗಮಾರ. 1925ರಲ್ಲಿ ಒಂದು ತಂಡಕ್ಕೆ ಏನು ಹೆಸರು ಹಾಕ್ಲಿ ಅಂತ ಪೀರ್ ಕೇಳಿದಾಗ, ನಾವೇನೋ ಹಿಲ್‌ಬಿಲ್ಲಿಗಳು, ಏನಾದ್ರೂ ಹಾಕ್ಕೊಳ್ಳಿ ಅಂದ್ರಂತೆ, ಅವನು ಅದನ್ನೇ ಹಾಕಿದ. ಬಿಳಿಯರ ಪ್ಲೇಟಿಗೆ ಒಂದು ಕ್ಯಾಟಲಾಗ್, ಕಪ್ಪು ಜನರ ಪ್ಲೇಟಿಗೆ ರೇಸ್ ರೆಕಾರ್ಡ್ಸ್ ಅಂತ ಇನ್ನೊಂದು. ಕೊಲಂಬಿಯಾದಲ್ಲಿ ಕಪ್ಪು ಜನರದ್ದು 14000 ಸರಣಿ, ಬಿಳಿಯರದ್ದು 15000 ಸರಣಿ. ಒಂದೇ ಊರು, ಎಷ್ಟೋ ಸಲ ಒಂದೇ ಹಾಡು, ಅದೇ ಪಿಟೀಲು ಅದೇ ಬ್ಯಾಂಜೋ, ನಂಬರ್ ಮಾತ್ರ ಬೇರೆ. ಸಂಗೀತ ಹಂಗೆ ಬೇರೆ ಆಗಿತ್ತು ಅಂತ ಅಲ್ಲ, ಯಾವ ಅಂಗಡಿಗೆ ಕಳಿಸ್ಬೇಕು ಅಂತ ಗೋದಾಮಿನವ್ರಿಗೆ ಗೊತ್ತಾಗ್ಬೇಕಿತ್ತು.

ಹೊಸಬ್ರು ಕೇಳೋದಾದ್ರೆ ಮೊದಲು ಕಾರ್ಸನ್ ಕೇಳಿ, ಕೊಳವೇಲಿ ಹಾಡಿದ್ದು, ಕರಕರ ಸದ್ದು ಸಹಿಸ್ಕೊಳ್ಳಿ, ಮೂರೇ ನಿಮಿಷ. ಆಮೇಲೆ ವೈಲ್ಡ್‌ವುಡ್ ಫ್ಲವರ್, ಹೆಡ್‌ಫೋನ್ ಹಾಕ್ಕೊಂಡು, ಮೈಕ್ ಬಂದಿದ್ದು ಅಂದ್ರೆ ಏನು ಅಂತ ತಕ್ಷಣ ಕಿವಿಗೆ ಬೀಳುತ್ತೆ. ಕೊನೆಗೆ ರಾಜರ್ಸ್‌ದು 'ಬ್ಲೂ ಯೋಡೆಲ್ ನಂಬರ್ 9', 1930ರ ಜುಲೈ 16, ಹಾಲಿವುಡ್. ರಾಜರ್ಸ್ ದನಿ ಪಕ್ಕದಲ್ಲೇ ಒಂದು ಟ್ರಂಪೆಟ್ ಮಾತಿಗೆ ಮಾತು ಕೊಡ್ತಾ ಬರುತ್ತೆ, ಅವನು ತಾಳ ಎಲ್ಲೆಲ್ಲಿ ತಪ್ಪಿಸ್ತಾನೋ ಅಲ್ಲೆಲ್ಲ ಅದು ಕಾದು ಹಿಡ್ಕೊಳ್ಳುತ್ತೆ. ನುಡಿಸಿದ್ದು ಲೂಯಿ ಆರ್ಮ್‌ಸ್ಟ್ರಾಂಗ್, ಪಿಯಾನೋದಲ್ಲಿ ಅವ್ರ ಹೆಂಡ್ತಿ ಲಿಲ್ ಹಾರ್ಡಿನ್. ಪ್ಲೇಟಿನ ಲೇಬಲ್ ಮೇಲೆ ಆ ಎರಡೂ ಹೆಸರಿಲ್ಲ.